ಸ್ವಂತ ಕಾರಿಲ್ಲದೆ ಬಾದಾಮಿ, ವಿಜಯಪುರ

ಪ್ರಶ್ನೆ: ನಾವು ಬೆಳಗಾವಿಯವರು. ವಯಸ್ಸಾದ ತಾಯಿಯವರೊಂದಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರಗಳನ್ನು ಮೂರು ದಿನಗಳಲ್ಲಿ ಬಸ್ಸು, ರೈಲುಗಳಲ್ಲೇ ನೋಡಲಾದೀತೇ?

ಉತ್ತರ: ನೋಡಬಹುದು. ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟುವ ಬದಲು ಎರಡು ರಾತ್ರಿ ಬಾದಾಮಿಯಲ್ಲೇ ತಂಗಿರಿ. ಮೊದಲ ದಿನ ಗುಹಾಲಯಗಳನ್ನು ನೋಡಿ ಬನಶಂಕರಿಗೆ ಹೋದರೆ, ಗುಡಿಯ ಬಳಿ ಬುಟ್ಟಿ ಹೊತ್ತ ಹೆಂಗಸರು ಬಡಿಸುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಡಿಕೆಯ ಗಟ್ಟಿ ಮೊಸರಿನಲ್ಲೇ ಊಟ ಮುಗಿಯುತ್ತದೆ. ಮರುದಿನದ ಪಟ್ಟದಕಲ್ಲು ಸುಮಾರು 22 ಕಿ.ಮೀ. ದೂರದಲ್ಲಿದ್ದು ಬಸ್ಸಿಗೆ ತೊಂದರೆಯಿಲ್ಲ. ಆದರೆ ಅಲ್ಲಿಂದ ಐಹೊಳೆಗೆ ಬಸ್ಸು ಕಾಯುತ್ತ ತಾಯಿಯವರನ್ನು ಬಿಸಿಲಿನಲ್ಲಿ ಕೂರಿಸುವುದಕ್ಕಿಂತ, ಅಂದು ಮಾತ್ರ ಇಡೀ ದಿನಕ್ಕೆ ಆಟೊ ಗೊತ್ತುಪಡಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಮೂರನೆಯ ದಿನ ಬೆಳಿಗ್ಗೆ ರೈಲು ಹಿಡಿಯಿರಿ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಆಚೆಗಿರುವುದರಿಂದ ಬೇಗ ಹೊರಡಬೇಕು. ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುವಾಗ ಕಿಟಕಿಯ ಆಸನ ತಾಯಿಯವರಿಗಿರಲಿ. ವಿಜಯಪುರದಲ್ಲಿ ಗೋಳಗುಮ್ಮಟ ನಿಲ್ದಾಣಕ್ಕೆ ಹತ್ತಿರವೇ ಇದೆ; ಪಿಸುಗುಟ್ಟುವ ಮೊಗಸಾಲೆಗೆ ಇಕ್ಕಟ್ಟಾದ ಸುರುಳಿ ಮೆಟ್ಟಿಲುಗಳನ್ನು ಹತ್ತಬೇಕಾದುದರಿಂದ ಅವರು ಕೆಳಗೇ ಕುಳಿತಿರುವುದು ಒಳಿತು. ಬೆಳಗಾವಿಗೆ ನೇರ ಬಸ್ಸುಗಳಿವೆ. ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕಾಗಿ ತಾಯಿಯವರ ಆಧಾರ್ ಕಾರ್ಡನ್ನು ಮರೆಯದೆ ಇಟ್ಟುಕೊಳ್ಳಿರಿ.