ಕಾರಿನ ಡಿಕ್ಕಿಯಲ್ಲಿ ಮಳೆನೀರು ನಿಲ್ಲುತ್ತಿದೆ: ಬೀಡಿಂಗ್ ಬದಲಿಸಲಾ, ಸಿಲಿಕೋನ್ ಹಚ್ಚಲಾ?

ಸದ್ಯಕ್ಕೆ ಎರಡೂ ಬೇಡ. ಸಿಲಿಕೋನ್ ಟ್ಯೂಬ್ ಆಗಲೇ ತಂದಿಟ್ಟಿದ್ದರೆ ದಯವಿಟ್ಟು ಅದರ ಮುಚ್ಚಳ ತೆಗೆಯಬೇಡಿ. ಸ್ಟೆಪ್ನಿ ಗುಂಡಿಯಲ್ಲಿ ನೀರು, ಎಡಗಡೆ ಮ್ಯಾಟ್ ಜಾಸ್ತಿ ಒದ್ದೆ, ಬೀಡಿಂಗ್ (ಡಿಕ್ಕಿ ಬಾಯಿಯ ಸುತ್ತಲಿನ ರಬ್ಬರ್ ಪಟ್ಟಿ) ಹಳೇದು ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನ್ನ 2018ರ ಮಳೆಗಾಲ ಕಣ್ಣ ಮುಂದೆ ಬಂತು.

ನಮ್ಮೂರು ತೀರ್ಥಹಳ್ಳಿ. ಜೂನ್‌ನಲ್ಲಿ ಒಂದು ದಿನ ಡಿಕ್ಕಿ ತೆಗೆದರೆ ಮುಗ್ಗಲು ವಾಸನೆ. ಮ್ಯಾಟ್ ಎತ್ತಿದರೆ ಸ್ಟೆಪ್ನಿ ಅರ್ಧ ಮುಳುಗಿತ್ತು. ರಬ್ಬರ್ ಹಳೇದಾಗಿದೆ, ನೀರು ಅಲ್ಲಿಂದಲೇ ಬರುತ್ತಿದೆ ಅಂತ ನಿಂತಲ್ಲೇ ತೀರ್ಮಾನ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಬಚ್ಚಲುಮನೆಗೆ ಹಾಕುವ ಸಿಲಿಕೋನ್ ತಂದು ಬೀಡಿಂಗ್ ಸುತ್ತ ದಪ್ಪಗೆ ಬಳಿದೆ.

ಇದು ಎಂಥ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ಡಿಕ್ಕಿಯ ಬಾಯಿಯ ಅಂಚಿನಲ್ಲಿ, ಬೀಡಿಂಗ್‌ನ ಹೊರಗೆ ಒಂದು ಕಾಲುವೆ ಇದೆ. ಸೂರಿನ ನೀರು ಹರಿದುಹೋಗಲು ಕಟ್ಟುವ ಅಡಿಕೆ ಮರದ ದಂಬೆ ಇದ್ದ ಹಾಗೆ. ಹಿಂದಿನ ಗಾಜಿನಿಂದ ಇಳಿದ ನೀರು ಅದರಲ್ಲಿ ಹರಿದು ಎರಡೂ ಬದಿಯಿಂದ ಬಂಪರ್ ಕಡೆ ಹೋಗಬೇಕು. ನಾನು ಆ ದಂಬೆಯನ್ನೇ ಸಿಲಿಕೋನ್‌ನಿಂದ ಅರ್ಧ ತುಂಬಿಸಿದ್ದೆ. ನೀರು ಉಕ್ಕಿ ಬೀಡಿಂಗ್ ದಾಟಿ ಒಳಗೆ ಬರತೊಡಗಿತು. ಮೊದಲು ಒಂದು ಕಡೆಯಿಂದ ಬರುತ್ತಿದ್ದದ್ದು ಈಗ ಎರಡು ಕಡೆಯಿಂದ! ಡಿಕ್ಕಿ ಬಾಗಿಲೂ ಸರಿಯಾಗಿ ಕೂರಲಿಲ್ಲ. ಇನ್ನೊಂದು ವಿಷಯ. ವಿನಿಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಬಣ್ಣ ಎದ್ದ ತಗಡನ್ನು ತಿನ್ನುತ್ತದೆ. ಅದರ ಮೇಲೆ ಆಮೇಲೆ ಬಣ್ಣವೂ ಹಿಡಿಯುವುದಿಲ್ಲ.

ನಿಜವಾದ ತೂತು ಟೇಲ್ ಲ್ಯಾಂಪ್ ಹಿಂದೆ ಇತ್ತು. ಮೇ ತಿಂಗಳಲ್ಲಿ ಬಲ್ಬ್ ಹಾಕಿಸಲು ಲ್ಯಾಂಪ್ ಬಿಚ್ಚಿಸಿದ್ದೆ. ವಾಪಸ್ ಕೂರಿಸುವಾಗ ಅದರ ಸ್ಪಂಜಿನ ಪ್ಯಾಕಿಂಗ್ ಹರಿದಿತ್ತು. ನೀರು ಅಲ್ಲಿಂದ ಒಳಗಿನ ತಗಡಿನ ಮೇಲೆ ಜಾರಿ ಗುಂಡಿಗೆ ಸೇರುತ್ತಿತ್ತು. ಗುಂಡಿಯೇ ಎಲ್ಲಕ್ಕಿಂತ ತಗ್ಗು, ಎಲ್ಲಿಂದ ಬಂದರೂ ಅಲ್ಲೇ ನಿಲ್ಲುತ್ತದೆ ಅಲ್ವಾ?

ಇದು ಗೊತ್ತಾಗುವ ಮೊದಲೇ ಪೆಟ್ಟು ಬಿತ್ತು. ಆಗಸ್ಟ್‌ನಲ್ಲಿ ಅಮ್ಮನನ್ನು ಡಾಕ್ಟರಿಗೆ ತೋರಿಸಲು ಮಣಿಪಾಲಕ್ಕೆ ಹೊರಟಿದ್ದೆ. ಮೇಗರವಳ್ಳಿ ದಾಟಿ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ, ರಿಮ್ಮಿನ ಅಂಚು ತುಕ್ಕು ತಿಂದಿತ್ತು. ಜಾಕ್‌ನ ಸ್ಕ್ರೂ ತಿರುಗಲೇ ಇಲ್ಲ. ಒಬ್ಬ ಟೆಂಪೋ ಡ್ರೈವರ್ ತನ್ನ ಜಾಕ್ ಕೊಟ್ಟು, ಚಕ್ರವನ್ನು ಊರಿಗೆ ಒಯ್ದು ಪಂಕ್ಚರ್ ಹಾಕಿಸಿ ತಂದುಕೊಟ್ಟ. ಮೂರು ಗಂಟೆ ಅಮ್ಮ ಆ ಮಳೆಯಲ್ಲಿ ಕಾರಲ್ಲೇ ಕೂತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮೊದಲು ತೂತು ಹುಡುಕಿ. ಮ್ಯಾಟ್, ಸ್ಟೆಪ್ನಿ ಎಲ್ಲ ತೆಗೆದು ಒಣಗಿಸಿ. ಹಿಂದಿನ ಸೀಟು ಮಡಚಿ ಒಬ್ಬರು ಟಾರ್ಚ್ ಹಿಡಿದು ಕಾರಿನೊಳಗಿಂದ ನೋಡಲಿ. ಡಿಕ್ಕಿಯೊಳಗೆ ಯಾರನ್ನೂ ಹಾಕಿ ಮುಚ್ಚಬೇಡಿ. ನೀವು ಪೈಪಿನಲ್ಲಿ ಮೆಲ್ಲಗೆ, ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಬನ್ನಿ. ಮೊದಲು ಬಂಪರ್, ಆಮೇಲೆ ಲ್ಯಾಂಪ್, ಬಾಗಿಲಿನ ಅಂಚು, ಕೊನೆಗೆ ಗಾಜು. ಒಂದೊಂದು ಕಡೆ 5 ನಿಮಿಷ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ. ನಿಮ್ಮದು ಎಡಗಡೆ ಒದ್ದೆ ಅಂದಿದ್ದರಿಂದ ಎಡಗಡೆ ಲ್ಯಾಂಪ್ ಮೇಲೆ ನನಗೆ ಅನುಮಾನ. ಅಲ್ಲಿ ಇಲ್ಲದಿದ್ದರೆ ಬಂಪರ್ ಹಿಂದೆ ಗಾಳಿ ಹೋಗುವ ಕಿಂಡಿಯ ಸುತ್ತ ನೋಡಿ.

ಲ್ಯಾಂಪೇ ಆಗಿದ್ದರೆ ಹಳೇ ಪ್ಯಾಕಿಂಗ್ ಕೆರೆದು ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಅಂಟಿಸಿ. ನಟ್‌ಗಳನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ನನಗೆ 200 ರೂಪಾಯಿ ಕೂಡ ಆಗಲಿಲ್ಲ.

ಗುಂಡಿಯ ತಳದ ರಬ್ಬರ್ ಬಿರಡೆ ತೆಗೆದುಬಿಡಿ, ನೀರು ತಾನೇ ಹೋಗುತ್ತದೆ ಅಂತ ಯಾರಾದರೂ ಹೇಳಬಹುದು. ಕೇಳಬೇಡಿ. ರಸ್ತೆಯ ಕೆಸರು ಅಲ್ಲಿಂದಲೇ ಒಳಗೆ ಬರುತ್ತದೆ. ನೀರು ಖಾಲಿ ಮಾಡಿ ಬಿರಡೆ ವಾಪಸ್ ಹಾಕಿ. ಸ್ಟೆಪ್ನಿಯ ಗಾಳಿ ಮಾತ್ರ ಇವತ್ತೇ ನೋಡಿಸಿ, ಜಾಕ್ ಒಮ್ಮೆ ತಿರುಗಿಸಿ ನೋಡಿ.