ಜಪಾನಿನ ಆರ್‌ಪಿಜಿ ಆಟ ಕೆಲವರಿಗೆ ಪ್ರಾಣ, ಕೆಲವರಿಗೆ ತಲೆನೋವು. ಯಾಕೆ?

"ಪರ್ಸೋನಾ 5 ರಾಯಲ್ ಸೇಲ್‌ನಲ್ಲಿ ಕಡಿಮೆಗೆ ಸಿಕ್ಕಿತು ಅಂತ ತಗೊಂಡೆ. ನಾಲ್ಕು ಗಂಟೆ ಆಡಿದೆ, ಬರೀ ಮಾತು. ಗೆಳೆಯ ಮಾತ್ರ ಇದೇ ತನ್ನ ಜೀವನದ ಬೆಸ್ಟ್ ಗೇಮ್ ಅಂತಾನೆ. ಜಪಾನಿನ ಆರ್‌ಪಿಜಿಗಳ ಬಗ್ಗೆ ಜನ ಯಾಕೆ ಹೀಗೆ ಎರಡು ಪಾರ್ಟಿ ಆಗ್ತಾರೆ?" ಅಂತ ಕೇಳಿದ್ದೀರಿ.

ನಾನು ಎರಡೂ ಪಾರ್ಟಿಯಲ್ಲಿ ಇದ್ದು ಬಂದವನು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಆರ್‌ಪಿಜಿ ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಒಂದು ಪಾತ್ರವಾಗಿ ಉದ್ದದ ಕತೆಯೊಳಗೆ ಸಾಗುವ ಆಟ. ಈ ಆಟಗಳು ಚೀಟಿ ಹಾಕಿದ ಹಾಗೆ. ತಿಂಗಳು ತಿಂಗಳು ಕಟ್ಟುತ್ತಾ ಹೋಗಬೇಕು, ದುಡ್ಡಿನ ಬದಲು ಗಂಟೆಗಳು. ಕೊನೆಗೆ ಚೀಟಿ ಎತ್ತಿದ ದಿನ ಕೈತುಂಬ ಸಿಗುತ್ತದೆ. ನಾಲ್ಕು ಕಂತು ಕಟ್ಟಿ ಬಿಟ್ಟವರಿಗೆ ಹೋದದ್ದಷ್ಟೇ ಲೆಕ್ಕ. ನಿಮ್ಮ ಗೆಳೆಯ ಚೀಟಿ ಎತ್ತಿದವನು, ನೀವು ಇನ್ನೂ ಕಟ್ಟುತ್ತಿರುವವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಯಾಕೆ ಹೀಗೆ ಮಾಡಿದರು ಅನ್ನುವುದಕ್ಕೆ 1986ಕ್ಕೆ ಹೋಗಬೇಕು. ಆ ವರ್ಷ ಎನಿಕ್ಸ್ ಕಂಪನಿ ನಿಂಟೆಂಡೊದ ಟಿವಿ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಡ್ರ್ಯಾಗನ್ ಕ್ವೆಸ್ಟ್ ತಂದಿತು. ರೂಪಿಸಿದವರು ಯೂಜಿ ಹೊರಿಯಿ. ಅವರಿಗೆ ಅಮೆರಿಕದ ಕಂಪ್ಯೂಟರ್ ಆಟಗಳಾದ ವಿಝರ್ಡ್ರಿ, ಅಲ್ಟಿಮಾ ಅಂದರೆ ಹುಚ್ಚು. ಅಂದರೆ ನಾವು ಜಪಾನಿನದು ಅನ್ನುವ ಈ ಜಾತಿಯ ತವರು ಅಮೆರಿಕ! ಆದರೆ ಆ ಆಟಗಳಿಗೆ ಕೀಬೋರ್ಡ್ ಬೇಕು, ಮ್ಯಾನುಯಲ್ ಓದುವ ತಾಳ್ಮೆ ಬೇಕು. ಫ್ಯಾಮಿಕಾಮ್ ಇದ್ದದ್ದು ಮನೆಯ ಟಿವಿ ಮುಂದೆ. ಹುಡುಗರ ಕೈಯಲ್ಲಿ ದಿಕ್ಕಿನ ಗುಂಡಿ, ಎರಡು ಬಟನ್, ಅಷ್ಟೇ. ಇಡೀ ಆಟ 64 ಕಿಲೋಬೈಟ್‌ನಲ್ಲಿ ಕೂರಬೇಕು. ಬೆಳಗ್ಗೆ ವಾಟ್ಸಾಪ್‌ಗೆ ಬರುವ ಗುಡ್ ಮಾರ್ನಿಂಗ್ ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ.

ಹಾಗಾಗಿ ಹೊರಿಯಿ ಎಲ್ಲವನ್ನೂ ಸರಳ ಮಾಡಿದರು. ಹೊಡಿ, ಮಂತ್ರ ಹಾಕು, ವಸ್ತು ಬಳಸು, ಓಡು. ನಿಮ್ಮ ಸರದಿ, ಆಮೇಲೆ ರಾಕ್ಷಸನ ಸರದಿ. ರಾಕ್ಷಸರ ಚಿತ್ರ ಬರೆದವರು ಡ್ರ್ಯಾಗನ್ ಬಾಲ್ ಕಾಮಿಕ್ಸ್‌ನ ಅಕಿರಾ ತೊರಿಯಾಮ. ಸ್ಲೈಮ್ ಎಂಬ ರಾಕ್ಷಸನಿಗೆ ಹೊರಿಯಿ ಕೊಟ್ಟ ಚಿತ್ರ ಸುಮ್ನೆ ಒಂದು ಲೋಳೆಯ ಗುಡ್ಡೆ. ತೊರಿಯಾಮ ಅದನ್ನು ನಗುವ ನೀಲಿ ಹನಿ ಮಾಡಿಬಿಟ್ಟರು. ಆ ಹನಿ ಇವತ್ತಿಗೂ ಆ ಸರಣಿಯ ಗುರುತು. ಜಪಾನಿನ ಆ ಕ್ಯಾಸೆಟ್‌ನಲ್ಲಿ ಆಟ ಉಳಿಸಿಕೊಳ್ಳಲು ಜಾಗವೇ ಇರಲಿಲ್ಲ. ನಿಲ್ಲಿಸುವ ಮುಂಚೆ ರಾಜ 20 ಅಕ್ಷರದ ಒಂದು ಮಂತ್ರ ಹೇಳುತ್ತಾನೆ, ನೀವು ಅದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಮಾರನೇ ದಿನ ಅದನ್ನೇ ತಪ್ಪಿಲ್ಲದೆ ಹಾಕಬೇಕು. ಒಂದು ಅಕ್ಷರ ತಪ್ಪಿತೋ, ನಿನ್ನೆಯ ದುಡಿಮೆ ನೀರಿಗೆ ಬಿತ್ತು.

ಇದರಲ್ಲಿ ಒಂದು ಮಾತು ಅಡಗಿದೆ. ಹಿಂದಿನ ವರ್ಷವಷ್ಟೇ ಸೂಪರ್ ಮಾರಿಯೋ ಬಂದಿತ್ತು. ಅದಕ್ಕೆ ಕೈಚಳಕ ಬೇಕು. ಬೆರಳು ನಿಧಾನ ಇದ್ದವನು ಹೊಂಡಕ್ಕೆ ಬೀಳುವುದೇ ಸೈ. ಡ್ರ್ಯಾಗನ್ ಕ್ವೆಸ್ಟ್ ಹೇಳಿದ್ದು ಬೇರೆ: ನಿನಗೆ ಕೈಚಳಕ ಇಲ್ಲದಿದ್ದರೂ ಪರವಾಗಿಲ್ಲ, ಇನ್ನೂ ಹತ್ತು ಸ್ಲೈಮ್ ಹೊಡೆದು ಬಾ, ಲೆವೆಲ್ ಏರುತ್ತದೆ, ಗೆಲ್ಲುತ್ತೀಯ. ಪಟ್ಟು ಹಿಡಿದ ಯಾರಾದರೂ ಮುಗಿಸಬಹುದಾದ ಆಟ. ಇವತ್ತು 'ಗ್ರೈಂಡಿಂಗ್' ಅಂತ ಜನ ಬೈಯುವುದು ಇದನ್ನೇ. ಒಬ್ಬರಿಗೆ ಕರುಣೆ ಅನ್ನಿಸಿದ್ದು ಇನ್ನೊಬ್ಬರಿಗೆ ಕೂಲಿ ಕೆಲಸ ಅನ್ನಿಸುತ್ತದೆ. ಜಗಳ ಶುರುವಾಗುವುದೇ ಇಲ್ಲಿಂದ ಅಂತ ನನ್ನ ಲೆಕ್ಕ.

ಆ ಮಾತನ್ನು ನಂಬಿದವರು ಯಾರು? ಸಮಯ ಇದ್ದವರು. 1988ರ ಫೆಬ್ರವರಿಯಲ್ಲಿ ಡ್ರ್ಯಾಗನ್ ಕ್ವೆಸ್ಟ್ 3 ಬಂದದ್ದು ಒಂದು ಬುಧವಾರ. ಮಕ್ಕಳು ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಸಾಲು ನಿಂತು ದೊಡ್ಡ ಸುದ್ದಿಯಾಯಿತು. 4ನೇ ಭಾಗವನ್ನು 1990ರಲ್ಲಿ ಭಾನುವಾರ ಬಿಡುಗಡೆ ಮಾಡಿದರು. ವಾರದ ದಿನ ಬಿಡುಗಡೆ ಮಾಡಬಾರದು ಅಂತ ಸರ್ಕಾರ ಕಾನೂನೇ ತಂದಿತು ಅನ್ನುವುದು ಮಾತ್ರ ಗಾಳಿಮಾತು.

ನನ್ನ ಕತೆಯೂ ಅದೇ. ಪಿಯುಸಿ ಪರೀಕ್ಷೆ ಮುಗಿದ ರಜೆ. ಮಸ್ಕತ್‌ನಲ್ಲಿದ್ದ ಮಾವ ಹಳೇ ಪ್ಲೇಸ್ಟೇಷನ್ 2 ತಂದುಕೊಟ್ಟಿದ್ದರು, ಜೊತೆಗೆ ಮೂರು ಡಿಸ್ಕ್. ಅದರಲ್ಲಿ ಒಂದು ಜಪಾನಿನದೇ ಆರ್‌ಪಿಜಿ, ಫೈನಲ್ ಫ್ಯಾಂಟಸಿ 10. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸುವ ಮೊದಲೇ ಮಾಯವಾಗುತ್ತಿತ್ತು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಆಡಿದೆ. ನಿಜ ಹೇಳಬೇಕೆಂದರೆ ನನ್ನ ಇಂಗ್ಲಿಷ್‌ನ ಅರ್ಧ ಅಲ್ಲಿಂದಲೇ ಬಂದದ್ದು.

ಆ ಆಟದ ಒಂದು ದೃಶ್ಯ ನೀವು ನೋಡಿರಬಹುದು. ನಾಯಕ ಟೀಡಸ್ "ಹಾ ಹಾ ಹಾ ಹಾ" ಅಂತ ಭಯಂಕರ ಕೃತಕವಾಗಿ ನಗುತ್ತಾನೆ. ಜಪಾನಿನ ಆಟಗಳ ನಟನೆ ಎಷ್ಟು ಕೆಟ್ಟದ್ದು ನೋಡಿ ಅಂತ ವರ್ಷಗಟ್ಟಲೆ ಆ ಕ್ಲಿಪ್ ಓಡಾಡಿದೆ. (ಮುಂದೆ ಕತೆಯ ಗುಟ್ಟು ಇದೆ. 2001ರ ಆಟ, ಇನ್ನು ಮುಚ್ಚಿಡುವುದು ಕಷ್ಟ. ಬೇಡದವರು ಮುಂದಿನ ಪ್ಯಾರಾ ಬಿಡಿ.)

ಆಡಿದವರಿಗೆ ಆ ನಗು ಬೇರೆಯೇ ಕೇಳುತ್ತದೆ. ಊರೂರು ಹಾಳು ಮಾಡುವ ಆ ದೈತ್ಯ ತನ್ನ ಅಪ್ಪನೇ ಅಂತ ಟೀಡಸ್‌ಗೆ ಆಗಷ್ಟೇ ಗೊತ್ತಾಗಿದೆ. ಕುಸಿದು ಕೂತವನಿಗೆ ಯೂನಾ ಎಂಬ ಹುಡುಗಿ ಹೇಳುತ್ತಾಳೆ: ದುಃಖದಲ್ಲೂ ನಗೋದು ಅಭ್ಯಾಸ ಮಾಡಬೇಕು, ನನ್ನ ಈ ಪ್ರಯಾಣ ನಗುನಗುತ್ತಾ ಸಾಗಬೇಕು ಅಂತ ನನ್ನಾಸೆ. ಅವಳಿಗೋಸ್ಕರ ಅವನು ಬಲವಂತವಾಗಿ ನಗುತ್ತಾನೆ, ಅವಳೂ ನಗುತ್ತಾಳೆ. ದೂರದಲ್ಲಿ ನಿಂತ ಜೊತೆಗಾರರು ಇವರಿಗೇನಾಯಿತು ಅಂತ ನೋಡುತ್ತಾರೆ. ನಗು ಕೃತಕವಾಗಿಯೇ ಇರಬೇಕಿತ್ತು! ಇನ್ನೂ ಎಷ್ಟೋ ಗಂಟೆ ಆಡಿದ ಮೇಲೆ ತಿಳಿಯುತ್ತದೆ, ಆ ಪ್ರಯಾಣದ ಕೊನೆಯಲ್ಲಿ ಯೂನಾ ಸಾಯಬೇಕು. ಅದು ಯೂನಾಗೆ ಗೊತ್ತು, ಜೊತೆಗಿದ್ದ ಎಲ್ಲರಿಗೂ ಗೊತ್ತು. ಟೀಡಸ್‌ಗೆ ಮಾತ್ರ ಗೊತ್ತಿಲ್ಲ. ಅಲ್ಲಿಯವರೆಗೆ ಅವನು ಅವಳ ಮುಂದೆ, ಇದೆಲ್ಲ ಮುಗಿದ ಮೇಲೆ ಹಾಗೆ ಮಾಡೋಣ, ಹೀಗೆ ಮಾಡೋಣ ಅಂತ ಪ್ಲಾನ್ ಹಾಕುತ್ತಲೇ ಇದ್ದ. ಅವಳು ಸುಮ್ಮನೆ ಮುಗುಳ್ನಗುತ್ತಿದ್ದಳು. ಅವತ್ತು ರಾತ್ರಿ ಟಿವಿ ಆರಿಸಿ ನಾನು ಎಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದೆನೋ. ಅಮ್ಮ ಬಂದು ಹೊಟ್ಟೆನೋವಾ ಅಂತ ಕೇಳಿದ್ದು ನೆನಪಿದೆ.

ಹತ್ತು ಸೆಕೆಂಡಿನ ಕ್ಲಿಪ್ ನೋಡಿದವನಿಗೂ ನನಗೂ ಹೇಗೆ ಒಮ್ಮತ ಬರಬೇಕು ಹೇಳಿ? ಅವನು ನೋಡಿದ್ದು ಒಂದು ಕಂತು.

ಆದರೆ ಅದೇ ಆಟ ನನ್ನ ಕಣ್ಣಲ್ಲಿ ಬೇರೆ ಥರದ ನೀರನ್ನೂ ತರಿಸಿತು. ಗಾಗಜೆಟ್ ಪರ್ವತದ ಮೇಲೆ ಸೀಮೋರ್ ಎಂಬ ಖಳ ಎದುರಾಗುತ್ತಾನೆ. ಹೊಡೆದಾಟಕ್ಕೆ ಮುಂಚೆ ಉದ್ದದ ಮಾತುಕತೆ. ಮೂಲ ಆಟದಲ್ಲಿ ಅದನ್ನು ದಾಟಿಸಿಕೊಂಡು ಹೋಗುವ ಬಟನ್ನೇ ಇಲ್ಲ. ಸೇವ್ ಪಾಯಿಂಟ್, ಅಂದರೆ ಆಟ ಉಳಿಸಿಕೊಳ್ಳುವ ಜಾಗ, ಇರುವುದು ಆ ಮಾತುಕತೆಗೂ ಮುಂಚೆ. ಸೋತಾಗಲೆಲ್ಲ ಮತ್ತೆ ಅದೇ ಭಾಷಣ. ಏಳು ಸಲ ಕೇಳಿದ್ದೇನೆ. ಇದನ್ನು ಸಮರ್ಥಿಸಲು ನನ್ನಿಂದ ಆಗುವುದಿಲ್ಲ, ಇದು ಆಟಗಾರನ ಸಮಯಕ್ಕೆ ಬೆಲೆ ಕೊಡದ ಅಭ್ಯಾಸ. 1997ರ ಫೈನಲ್ ಫ್ಯಾಂಟಸಿ 7 ನೋಡಿ. ಕೊನೆಯ ಖಳ ಸೆಫಿರಾತ್‌ನದು ಸೂಪರ್‌ನೋವಾ ಅಂತ ಒಂದು ಏಟು. ಜಪಾನಿನ ಹೊರಗೆ ಬಂದ ಆವೃತ್ತಿಯಲ್ಲಿ ಅದು ಸುಮಾರು ಎರಡು ನಿಮಿಷ ನಡೆಯುತ್ತದೆ. ಧೂಮಕೇತು ಬಂದು ಪ್ಲೂಟೊ ಪುಡಿ, ಶನಿ ಚೂರು, ಗುರುವಿಗೆ ತೂತು, ಸೂರ್ಯನೇ ಉಬ್ಬಿ ಬುಧ ಶುಕ್ರರನ್ನು ನುಂಗುತ್ತಾನೆ. ಇಷ್ಟೆಲ್ಲ ಆಗಿ ನಿಮ್ಮ ಹುಡುಗರಿಗೆ ಏನಾಯಿತು? ಬದುಕಿಯೇ ಇರುತ್ತಾರೆ. ಆ ಏಟು ಇರುವ ಶಕ್ತಿಯಲ್ಲಿ ದೊಡ್ಡ ಪಾಲು ತೆಗೆಯುತ್ತದೆ ಹೊರತು ಅದೊಂದರಿಂದಲೇ ಯಾರೂ ಸಾಯುವುದಿಲ್ಲ. ಅದೇ ಹೊಡೆದಾಟದಲ್ಲಿ ಅವನು ಅದನ್ನೇ ಇನ್ನೊಮ್ಮೆ ಮಾಡಬಹುದು, ಸೌರಮಂಡಲ ಮತ್ತೆ ಮೊದಲಿನಿಂದ ಪುಡಿಯಾಗುತ್ತದೆ. ನನಗೆ ಇದು ಇಷ್ಟ. ಬಯಲಾಟದಲ್ಲಿ ಇಬ್ಬರು ವೀರರು ಮಾತಿಗೆ ಮಾತು ಕೊಟ್ಟು ಕುಣಿದು ಆಮೇಲೆ ಬಾಣ ಬಿಡುವುದನ್ನು ನೋಡಿ ಬೆಳೆದವನಿಗೆ ಇದರಲ್ಲಿ ವಿಚಿತ್ರ ಏನಿದೆ? ಆದರೆ ಇದು ಹಾಸ್ಯಾಸ್ಪದ ಅನ್ನುವವರ ಜೊತೆ ವಾದ ಮಾಡುವುದಿಲ್ಲ. ಹಾಸ್ಯಾಸ್ಪದವೂ ಹೌದು.

ಆಯ್ಕೆಯ ಪ್ರಶ್ನೆಯನ್ನೂ ಜನ ಎತ್ತುತ್ತಾರೆ. ಅಮೆರಿಕದ ಆರ್‌ಪಿಜಿ ಸ್ಕೈರಿಮ್‌ನಲ್ಲಿ ಮುಖ ನೀವೇ ಮಾಡಿಕೊಳ್ಳುತ್ತೀರಿ, ದಾರಿ ಬಿಟ್ಟು ಯಾವ ಗುಡ್ಡಕ್ಕಾದರೂ ಹೋಗುತ್ತೀರಿ. ಇಲ್ಲಿ ಯೂನಾಳ ಕತೆ ಯೂನಾಳದ್ದು, ನೀವು ಜೊತೆಗೆ ನಡೆಯುವವರು. ಇದು ಸ್ವಲ್ಪ ಮಟ್ಟಿಗೆ ನಿಜ, ಪೂರ್ತಿ ಅಲ್ಲ. 1995ರ ಕ್ರೋನೋ ಟ್ರಿಗರ್‌ಗೆ ಹತ್ತಕ್ಕಿಂತ ಜಾಸ್ತಿ ಅಂತ್ಯಗಳಿವೆ. ಅತ್ತ ಪೋಲೆಂಡಿನ ವಿಚರ್ ಆಟದಲ್ಲಿ ನಾಯಕ ಮೊದಲೇ ಗೊತ್ತುಮಾಡಿದವನು. ಗೆರೆ ಅಷ್ಟು ನೇರ ಇಲ್ಲ. ನಂಬಿಕೆ ಕೆಡಿಸಿದ ಆಟಗಳೂ ಇವೆ. 2009ರ ಫೈನಲ್ ಫ್ಯಾಂಟಸಿ 13ರಲ್ಲಿ ಹತ್ತು ಅಧ್ಯಾಯ ಓಣಿಯಲ್ಲಿ ನಡೆದಂತೆ ನಡೆದು, ಹನ್ನೊಂದನೆಯದರಲ್ಲಿ ಬಯಲು ಕಾಣುತ್ತದೆ. "ಇಪ್ಪತ್ತು ಗಂಟೆ ತಡ್ಕೊ, ಆಮೇಲೆ ಚೆನ್ನಾಗಿರುತ್ತೆ" ಅನ್ನುವ ಜೋಕು ಜೋರಾದದ್ದು ಆಗಲೇ. ಚೀಟಿ ನಡೆಸುವವನು ಊರು ಬಿಟ್ಟ ಹಾಗೆ ಅನ್ನಿಸಿತ್ತು ನನಗೆ.

ನಿಮ್ಮ ಪರ್ಸೋನಾ 5ರ ವಿಷಯದಲ್ಲಿ ನನ್ನ ದೂರು ಮಾತು ಜಾಸ್ತಿ ಅನ್ನುವುದಲ್ಲ. ಮೊದಲ ಖಳ ಕಮೋಶಿದಾ, ಹುಡುಗಿಯರ ಮೇಲೆ ಕಣ್ಣು ಹಾಕುವ ಪಿಟಿ ಮೇಷ್ಟ್ರು. ಅವನಿಗೆ ಬುದ್ಧಿ ಕಲಿಸುವುದೇ ಮೊದಲ ಭಾಗ, ಅದನ್ನು ಗಟ್ಟಿಯಾಗಿ ಬರೆದಿದ್ದಾರೆ. ಅದಾದ ಕೂಡಲೇ ಅದೇ ಹೈಸ್ಕೂಲ್ ಹುಡುಗಿ ಆ್ಯನ್‌ಳನ್ನು ಬಟ್ಟೆಯಿಲ್ಲದೆ ಚಿತ್ರಕ್ಕೆ ಕೂರು ಅಂತ ಒಬ್ಬ ಪೀಡಿಸುವುದನ್ನು ಆಟ ತಮಾಷೆ ಮಾಡಿಕೊಳ್ಳುತ್ತದೆ. ಹಿಂದಿನ ಗಂಟೆ ಹೇಳಿದ್ದನ್ನು ತಾನೇ ಮರೆತ ಹಾಗೆ. ಅನಿಮೆ (ಜಪಾನಿ ಕಾರ್ಟೂನ್) ಶೈಲಿ ಆಗಿಬರದವರು ಇದನ್ನು ನೋಡಿ ಎದ್ದು ಹೋದರೆ ತಪ್ಪು ಹೇಳಲಾರೆ.

ಇನ್ನು ನಾನು ಪಾರ್ಟಿ ಬದಲಿಸಿದ್ದು ಮಗಳು ಹುಟ್ಟಿದ ಮೇಲೆ. ರಾತ್ರಿ ಹತ್ತೂವರೆಗೆ ಅವಳು ಮಲಗಿದರೆ ನನಗೆ ನಲವತ್ತು ನಿಮಿಷ. ಹಳೇ ಆಟ ಒಂದನ್ನು ಹಾಕಿದೆ. ಗುಹೆಯೊಳಗೆ ಅರ್ಧ ಗಂಟೆ, ಹತ್ತು ಹೆಜ್ಜೆಗೊಂದು ಹೊಡೆದಾಟ, ಸೇವ್ ಪಾಯಿಂಟ್ ಎಲ್ಲೂ ಕಾಣುತ್ತಿಲ್ಲ, ಒಳಗಿಂದ ಅಳು. ಕಂಟ್ರೋಲರ್ ಬಿಟ್ಟು ಓಡಿದೆ. ವಾಪಸ್ ಬರುವಾಗ ಹೆಂಡತಿ ಕರೆಂಟ್ ಬಿಲ್ ಅಂತ ಸ್ವಿಚ್ ಆರಿಸಿದ್ದಳು. ಹದಿನೇಳರಲ್ಲಿ ನಾನು ಯಾವುದನ್ನು ಆಟದ ಗುಣ ಅಂದುಕೊಂಡಿದ್ದೆನೋ ಅದೇ ಮೂವತ್ತಮೂರರಲ್ಲಿ ದೋಷವಾಗಿ ಕಂಡಿತು. ಆಟ ಒಂದಕ್ಷರವೂ ಬದಲಾಗಿರಲಿಲ್ಲ.

ತಮಾಷೆ ಏನು ಗೊತ್ತಾ? ನನಗೆ ಜಪಾನಿನ ಆರ್‌ಪಿಜಿ ಆಗಲ್ಲ ಅನ್ನುವ ನನ್ನ ಆಫೀಸಿನ ಹುಡುಗರಲ್ಲಿ ಅರ್ಧ ಜನ ಕಾಲೇಜಿನಲ್ಲಿ ಫೋನಿಗೆ ಎಮ್ಯುಲೇಟರ್ (ಹಳೇ ಆಟ ಓಡಿಸುವ ಆ್ಯಪ್) ಹಾಕಿಕೊಂಡು ಪೋಕೆಮಾನ್ ಎಮರಾಲ್ಡ್ ಮುಗಿಸಿದವರು. ಹುಲ್ಲಲ್ಲಿ ನಡೆದರೆ ಹೊಡೆದಾಟ, ಸರದಿ, ಲೆವೆಲ್, ಮೆನು, ಇನ್ನೇನು ಬೇಕು? ಅದಕ್ಕೆ ಮಾತ್ರ ಆ ಹೆಸರು ಹಚ್ಚುವುದಿಲ್ಲ. ಹೆಸರಿನಲ್ಲೇ ಸ್ವಲ್ಪ ಮುಳ್ಳಿದೆ. ಫೈನಲ್ ಫ್ಯಾಂಟಸಿ 16ರ ನಿರ್ಮಾಪಕ ನವೋಕಿ ಯೋಶಿದಾ 2023ರಲ್ಲಿ ಹೇಳಿದ್ದರು, 'ಜೆಆರ್‌ಪಿಜಿ' ಎಂಬ ಪದ ಮೊದಲು ಕೇಳಿದಾಗ ತಮ್ಮಂಥ ಕೆಲವು ಜಪಾನಿ ಡೆವಲಪರ್‌ಗಳಿಗೆ ಅದು ತಾರತಮ್ಯದಂತೆ ಕೇಳಿಸಿತ್ತು ಅಂತ. ಅವರು ಸುಮ್ನೆ ಆರ್‌ಪಿಜಿ ಮಾಡುತ್ತಿದ್ದರು, ಬೇರೆಯವರು ಪ್ರತ್ಯೇಕ ತಟ್ಟೆ ಇಟ್ಟರು.

ಈಗ ಆ ತಟ್ಟೆಯಲ್ಲಿ ಬೇರೆ ದೇಶದವರೂ ಊಟ ಮಾಡುತ್ತಿದ್ದಾರೆ. 2025ರಲ್ಲಿ ಬಂದ ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಫ್ರಾನ್ಸಿನ ಮಾಂಟ್‌ಪೆಲಿಯೆಯ ಒಂದು ಸಣ್ಣ ತಂಡದ್ದು. ಸರದಿ ಪ್ರಕಾರದ ಹೊಡೆದಾಟವೇ, ಆದರೆ ಶತ್ರು ಏಟು ಬೀಸಿದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಪ್ಪಿಸಿಕೊಳ್ಳಬಹುದು. ಆ ಉಪಾಯವೂ ಹೊಸದಲ್ಲ, 1996ರ ಸೂಪರ್ ಮಾರಿಯೋ ಆರ್‌ಪಿಜಿಯಲ್ಲೇ ಇತ್ತು. 2025ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದದ್ದು ಈ ಎಕ್ಸ್‌ಪೆಡಿಷನ್ 33. ಸರದಿ ಆಟಗಳ ಕಾಲ ಮುಗಿಯಿತು ಅನ್ನುತ್ತಿದ್ದ ನನ್ನ ಒಬ್ಬ ಸ್ನೇಹಿತ ಅದನ್ನು ಎರಡು ಸಲ ಮುಗಿಸಿದ್ದಾನೆ. ಕೇಳಿದರೆ "ಅದು ಬೇರೆ ಕಣೋ" ಅಂತಾನೆ.

ನಿಮಗೆ ನನ್ನ ಸಲಹೆ: ಕಮೋಶಿದಾ ಅರಮನೆ, ಅಂದರೆ ಆ ಮೊದಲ ಭಾಗ, ಮುಗಿಯುವ ತನಕ ಆಡಿ. ನಾಲ್ಕು ಗಂಟೆಗೆ ಆಟ ಇನ್ನೂ ನಿಮ್ಮ ಕೈ ಹಿಡಿದೇ ನಡೆಸುತ್ತಿರುತ್ತದೆ, ಅದರ ನಿಜವಾದ ರುಚಿ ಗೊತ್ತಾಗುವುದು ದಿನ ಹೇಗೆ ಕಳೆಯಬೇಕು ಅಂತ ನೀವೇ ತೀರ್ಮಾನ ಮಾಡತೊಡಗಿದ ಮೇಲೆ. ಆಗಲೂ ಬೇಜಾರಾದರೆ ಅಳಿಸಿಬಿಡಿ, ಗೆಳೆಯನಿಗೆ ಹೇಳುವ ಅಗತ್ಯ ಇಲ್ಲ. ಅಷ್ಟು ಸಮಯ ಇಲ್ಲ ಅನ್ನಿಸಿದರೆ ಕ್ರೋನೋ ಟ್ರಿಗರ್ ನೋಡಿ, ಇಪ್ಪತ್ತು ಇಪ್ಪತ್ತೈದು ಗಂಟೆಯಲ್ಲಿ ಮುಗಿಯುತ್ತದೆ, ಫೋನಿನಲ್ಲೂ ಆಡಬಹುದು. ಮತ್ತೆ, ಪರ್ಸೋನಾದಲ್ಲಿ ನಾಯಕನ ಜೊತೆಗಿರುವ ಮಾತಾಡುವ ಬೆಕ್ಕು ರಾತ್ರಿ "ಇವತ್ತು ಸುಸ್ತಾಗಿದೆ, ಮಲಗು" ಅಂದಾಗ ಸಿಟ್ಟು ಮಾಡಿಕೊಳ್ಳಬೇಡಿ. ಎಲ್ಲರಿಗೂ ಹಾಗೇ ಹೇಳುತ್ತದೆ. ನಾನಂತೂ ಅದು ಹೇಳಿದ ತಕ್ಷಣ ಟಿವಿ ಆರಿಸಿ ಮಲಗುತ್ತೇನೆ.