‘ಮನೆಗೆ ಹೋಗೋಣ ನಡಿ’ ಅಂತಾರೆ ಅಮ್ಮ, ಏನು ಹೇಳಲಿ?

ಪ್ರಶ್ನೆ: ನಮ್ಮಮ್ಮನಿಗೆ 76 ವರ್ಷ. ಅರಸೀಕೆರೆ ಕಡೆಯ ಹಳ್ಳಿಯವರು. ಆಲ್‌ಝೈಮರ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ರಾತ್ರಿ ಹೊತ್ತು ಬಾಗಿಲು ತೆಗೆದುಕೊಂಡು ಎರಡು ಸಲ ರಸ್ತೆಗೆ ಹೋಗಿಬಿಟ್ಟಿದ್ದರು. ಅದಕ್ಕೇ ಮೂರು ತಿಂಗಳ ಹಿಂದೆ ಬೆಂಗಳೂರಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಪ್ರತಿ ಭಾನುವಾರ ಸಂಜೆ ಹೋಗುತ್ತೇನೆ. ನನ್ನನ್ನು ನೋಡಿದ ತಕ್ಷಣ ‘ಮನೆಗೆ ಹೋಗೋಣ ನಡಿ’ ಅಂತ ಎದ್ದು ನಿಲ್ಲುತ್ತಾರೆ. ಅಪ್ಪ ಎಲ್ಲಿ ಅಂತ ಕೇಳುತ್ತಾರೆ, ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯಿತು ಅಂದರೆ ಅಳುತ್ತಾರೆ. ಹೊರಡುವಾಗ ನನ್ನ ಕೈ ಬಿಡುವುದೇ ಇಲ್ಲ. ಇತ್ತ ನೆಂಟರು ‘ಅಮ್ಮನ್ನ ಆಶ್ರಮಕ್ಕೆ ಹಾಕಿದಳು’ ಅಂತಾರೆ. ನಾನು ತಪ್ಪು ಮಾಡಿದೆನಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನೆಂಟರ ಮಾತು ಮೊದಲು ಮುಗಿಸಿಬಿಡೋಣ. ಮಗುವನ್ನು ಸ್ಕೂಲಿಗೆ ಹಾಕಿದರೆ ಯಾರೂ ಏನೂ ಅನ್ನಲ್ಲ, ಅಮ್ಮನ ವಿಷಯಕ್ಕೆ ಬಂದಾಗ ಮಾತ್ರ ಅದೇ ‘ಹಾಕಿದಳು’ ಬೈಗುಳ ಆಗುತ್ತೆ. 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಲೆಕ್ಕದಲ್ಲಿ ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಆಲ್‌ಝೈಮರ್ ತರಹದ ಮರೆವಿನ ಕಾಯಿಲೆ ಇದೆ. ನಾಳೆ ಆ ನೆಂಟರ ಮನೆಗೂ ಬರಬಹುದು, ಆಗ ಫೋನ್ ಮಾಡಿ ನಿಮ್ಮನ್ನೇ ವಿಚಾರಿಸುತ್ತಾರೆ. ರಾತ್ರಿ ರಸ್ತೆಗೆ ಹೋಗುವವರನ್ನು ಒಬ್ಬರೇ ಎಷ್ಟು ದಿನ ಕಾಯೋಕೆ ಆಗುತ್ತೆ? ತಪ್ಪು ಮಾಡಿಲ್ಲ.

ಈಗ ‘ಮನೆ’ ವಿಷಯ. ತಾವೇ ನಿಂತು ಕಟ್ಟಿಸಿದ ಮನೆಯ ನಡುಮನೆಯಲ್ಲಿ ಕೂತು ‘ನನ್ನ ಮನೆಗೆ ಕಳಿಸ್ರಪ್ಪ’ ಅಂದ ಅಜ್ಜಿಯರನ್ನು ನಾನು ನೋಡಿದ್ದೇನೆ. ಅಂದರೆ ಇದು ಕೇಂದ್ರಕ್ಕೆ ಸೇರಿಸಿದ್ದರಿಂದ ಮಾತ್ರ ಬಂದ ಮಾತಲ್ಲ. ಆಲ್‌ಝೈಮರ್ ಕಾಯಿಲೆಯಲ್ಲಿ ಹೊಸದನ್ನು ನೆನಪಿಟ್ಟುಕೊಳ್ಳುವ ಮಿದುಳಿನ ಭಾಗವೇ ಮೊದಲು ಕೆಡುತ್ತೆ, ಹಳೆಯದು ಎಷ್ಟೋ ಕಾಲ ಉಳಿಯುತ್ತೆ. ಹಾಗಾಗಿ ಅವರು ಕೇಳುತ್ತಿರುವ ಮನೆ ನಿಮ್ಮ ಬೆಂಗಳೂರಿನ ಮನೆ ಆಗಿರದೆ ಹೋಗಬಹುದು, ಮದುವೆಗೆ ಮುಂಚಿನ ತವರುಮನೆ ಇರಬಹುದು. ‘ಇದೇ ನಿನ್ನ ಮನೆ’ ಅಂತ ವಾದ ಮಾಡಿದರೆ ಸಿಟ್ಟು ಬರುತ್ತೆ ಅಷ್ಟೇ. ‘ಮನೆ ಹತ್ರ ಏನೇನಿತ್ತಮ್ಮ?’ ಅಂತ ಕೇಳಿ ನೋಡಿ. ಬಾವಿ, ಹುಣಸೆಮರ, ಎಮ್ಮೆ ಬರಬಹುದು. ಬಂದರೆ ಆ ಎಮ್ಮೆ ಜತೆಗೇ ಹೋಗಿ.

ಎಷ್ಟೋ ಸಲ ಆ ಮಾತಿನ ಹಿಂದೆ ಹಸಿವು, ಚಳಿ, ಮಂಡಿನೋವು, ಇಲ್ಲ ಒಂದಕ್ಕೆ ಹೋಗಬೇಕು ಅನ್ನೋದು ಇರುತ್ತೆ. ನಾನು ನೋಡಿದ ಒಬ್ಬ ಅಜ್ಜಿ ಮಧ್ಯಾಹ್ನ ಊಟ ಆದಮೇಲೆ ದಿನಾ ಎದ್ದು ಬಾಗಿಲ ಹತ್ತಿರ ಹೋಗಿ ‘ಹಿತ್ತಲಿಗೆ ಹೋಗ್ಬೇಕು’ ಅನ್ನುತ್ತಿದ್ದರು. ನೋಡಿಕೊಳ್ಳುವ ಹುಡುಗಿ ಜಾರ್ಖಂಡ್‌ನವಳು, ಒಳ್ಳೆ ಹುಡುಗಿ, ಹೊರಗೆ ಹೋಗುತ್ತಾರೇನೋ ಅಂತ ಪ್ರೀತಿಯಿಂದಲೇ ಕೈ ಹಿಡಿದು ವಾಪಸ್ ಕೂರಿಸುತ್ತಿದ್ದಳು. ಅರ್ಧ ಗಂಟೆಯಲ್ಲಿ ಸೀರೆ ಒದ್ದೆ. ಬದಲಾಯಿಸೋಕೆ ಹೋದರೆ ಅಜ್ಜಿ ಅವಮಾನಕ್ಕೆ ಕೈ ಎತ್ತುತ್ತಿದ್ದರು. ದಾಖಲೆಯಲ್ಲಿ ‘ಹೊಡೆಯುತ್ತಾರೆ’ ಅಂತ ಬರೆದಾಯಿತು, ಮಾತ್ರೆ ಶುರುಮಾಡುವ ಮಾತೂ ಬಂತು. ಊರಿಂದ ಬಂದ ಸೊಸೆ ನೋಡಿ, ಹಿತ್ತಲು ಅಂದರೆ ಕಕ್ಕಸು ಕಣ್ರೀ ಅಂದರು. ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಕೆಲಸ ಇದೇ. ಸ್ನಾನ ಮಾಡಿಸೋದು, ಊಟ ಮಾಡಿಸೋದು ಕೇಂದ್ರದವರು ಮಾಡ್ತಾರೆ. ನಿಮ್ಮಮ್ಮ ಯಾರು ಅನ್ನೋದು ಮಾತ್ರ ನಿಮಗೇ ಗೊತ್ತಿರೋದು, ಅದನ್ನು ಅಲ್ಲಿಯವರಿಗೆ ದಾಟಿಸಬೇಕು. ಒಂದು ಹಾಳೆಯಲ್ಲಿ ಅಮ್ಮ ಬಳಸುವ ಮಾತುಗಳನ್ನೂ ಅದರ ಅರ್ಥವನ್ನೂ, ಬೇಕಾದರೆ ಹಿಂದಿಯಲ್ಲಿ, ದಪ್ಪಕ್ಷರದಲ್ಲಿ ಬರೆದು ಹಾಸಿಗೆ ಹತ್ತಿರ ಅಂಟಿಸಿ. ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ರಾತ್ರಿ ಚಪಾತಿ ಮುಟ್ಟಲ್ಲ ಮುದ್ದೆ ಆದರೆ ತಿನ್ನುತ್ತಾರೆ, ಗಂಡಸರು ಸ್ನಾನಕ್ಕೆ ಬಂದರೆ ಹೆದರುತ್ತಾರೆ, ಎಲ್ಲಾ ಇರಲಿ. ಕನ್ನಡಕ, ಹಲ್ಲುಸೆಟ್ಟು, ಕಿವಿ ಮಿಷನ್ ಮೇಲೆ ಹೆಸರು ಹಾಕಿಸಿ. ಅದಲುಬದಲಾದರೆ ಯಾರದೋ ಹಲ್ಲಿನಲ್ಲಿ ಊಟ ಸೇರದೆ ಅಮ್ಮ ಸೊರಗುತ್ತಾರೆ, ನಾವು ಕಾಯಿಲೆ ಜಾಸ್ತಿ ಆಯ್ತು ಅಂದುಕೊಳ್ಳುತ್ತೇವೆ.

ಅಪ್ಪನ ವಿಷಯ. ನೀವು ಹೇಳಿದಾಗಲೆಲ್ಲ ಅವರಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. ಪ್ರತಿ ಭಾನುವಾರ ಹೊಸದಾಗಿ ವಿಧವೆ ಆಗುತ್ತಾರೆ. ಹೇಳಬೇಡಿ. ‘ಅಪ್ಪ ನೆನಪಾದ್ರಾ? ಅಪ್ಪಂಗೆ ಬಸ್ಸಾರು ಅಂದ್ರೆ ಪ್ರಾಣ ಅಲ್ವಾ’ ಅಂತ ಮಾತು ತಿರುಗಿಸಿ. ಅದಕ್ಕೂ ಬಗ್ಗದೆ ಕಾಯುತ್ತಾ ಕೂತರೆ ‘ತೋಟದ ಕಡೆ ಹೋಗಿದ್ದಾರೆ’ ಅನ್ನಬಹುದು. ಸುಳ್ಳು ಹೇಳಬಾರದು ಅನ್ನುವವರೂ ಇದ್ದಾರೆ, ನಾನು ಆ ಪೈಕಿ ಅಲ್ಲ. ಆದರೆ ಸಿಸ್ಟರ್‌ಗಳಿಗೂ ಅದನ್ನೇ ಹೇಳಿಕೊಡಿ, ಒಬ್ಬೊಬ್ಬರು ಒಂದೊಂದು ಹೇಳಿದರೆ ಅನುಮಾನ ಶುರುವಾಗುತ್ತೆ. ಹಾಗೇ ‘ನಾನು ಯಾರು ಹೇಳು ನೋಡೋಣ’ ಅಂತ ಪರೀಕ್ಷೆ ಮಾಡೋ ಚಾಳಿ ನಮ್ಮಲ್ಲಿ ಎಲ್ಲರಿಗೂ ಇದೆ, ಅದನ್ನು ಬಿಡಿ. ‘ಅಮ್ಮಾ, ನಿನ್ ಮಗಳು ಬಂದಿದೀನಿ’ ಅಂತ ನೀವೇ ಹೇಳಿಬಿಡಿ.

ಸಂಜೆ ಹೋಗೋದು ನಿಲ್ಲಿಸಿ. ಹೊತ್ತು ಮುಳುಗುವಾಗ ಈ ಕಾಯಿಲೆಯವರಲ್ಲಿ ತಳಮಳ ಹೆಚ್ಚಾಗೋದು ಸಾಮಾನ್ಯ. ಬೆಳಗ್ಗೆ ಹತ್ತೂವರೆಗೆ ಹೋಗಿ, ಊಟದ ಹೊತ್ತಿಗೆ ಎದ್ದುಬಿಡಿ. ವ್ಯಾನಿಟಿ ಬ್ಯಾಗು ಹೊರಗೇ ಇಟ್ಟಿರಿ, ಅದು ಹೆಗಲಿಗೆ ಏರಿದರೆ ನೀವು ಹೊರಟಿರಿ ಅಂತ ಅವರಿಗೆ ಗೊತ್ತಾಗುತ್ತೆ. ಹೋಗ್ತೀನಿ ಅನ್ನೋ ಮಾತು ಹೇಗೂ ನಮ್ಮಲ್ಲಿಲ್ಲ, ‘ಊಟ ಮಾಡು, ಬರ್ತೀನಿ’ ಅಂದರೆ ಸಾಕು. ಹತ್ತು ನಿಮಿಷ ಬಿಟ್ಟು ಫೋನ್ ಮಾಡಿ ವಿಚಾರಿಸಿ. ಎಷ್ಟೋ ಸಲ ಅವರು ಅನ್ನ ಕಲಸುತ್ತಾ ಇರುತ್ತಾರೆ, ಅಳುತ್ತಾ ಕಾರಲ್ಲಿ ಕೂತಿರೋದು ನೀವು.

ಎರಡು ಎಚ್ಚರಿಕೆ. ಒಂದೆರಡು ದಿನದಲ್ಲೇ ಅಮ್ಮ ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ಗಲಾಟೆ ಜಾಸ್ತಿ ಆದರೆ ಅದನ್ನು ಅರಳುಮರಳು ಅಂತ ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಯಾವುದೂ ಕಾರಣ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಇನ್ನೊಂದು, ಗಲಾಟೆಗೆ ಅಂತ ಕ್ವೆಟಿಯಾಪಿನ್, ರಿಸ್ಪೆರಿಡೋನ್ ತರಹದ ಮಾತ್ರೆ ಕೊಡುತ್ತಿದ್ದರೆ ಯಾಕೆ, ಎಷ್ಟು ದಿನ ಅಂತ ಕೇಳಿ. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇಂಥ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಕೆಲವೊಮ್ಮೆ ಬೇಕಾಗುತ್ತೆ, ನೀವೇ ನಿಲ್ಲಿಸಬೇಡಿ, ಆದರೆ ಕೇಳದೆ ಇರಬೇಡಿ. ಎರಡನೇ ಅಭಿಪ್ರಾಯಕ್ಕೆ ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗ ಇದೆ. ನಿಮಗೇ ನಿದ್ದೆ ಕೆಟ್ಟು ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡಿ, ಅದು ಮನಸ್ಸಿನ ತೊಂದರೆಗೆ ಅಂತ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಈ ಭಾನುವಾರ ಸ್ವೀಟು ಗೀಟು ಬೇಡ, ಒಂದು ಪೊಟ್ಟಣ ಹತ್ತಿ ತಗೊಂಡು ಹೋಗಿ. ಹೆಸರು ಮರೆತರೂ ಕೈಗೆ ಹೂಬತ್ತಿ ಮಾಡೋದು ನೆನಪಿರಬಹುದು. ಚೂರು ಹಾಲು ಹಚ್ಚಿಕೊಂಡು ಇಬ್ಬರೂ ಹೊಸೆಯುತ್ತಾ ಕೂತ್ಕೊಳ್ಳಿ. ಅವರದು ಸೊಟ್ಟ ಆದರೆ ತಿದ್ದಬೇಡಿ. ನಿಮ್ಮದು ಸೊಟ್ಟ ಅಂತ ಅವರು ಬೈದರೆ, ಸುಮ್ನೆ ಬೈಸಿಕೊಳ್ಳಿ.